ಗಿರಾಕಿಗೆ ಕಬ್ಬಲ್ಲ, ಬೆಲ್ಲ ಕೊಡೋಣ: ವೆಬ್‌ಸೈಟ್ ಬಿಲ್ಡ್‌ನಲ್ಲೇ ಚಿತ್ರಗಳ ಅಳತೆ ಇಳಿಸುವ ಕೆಲಸ

(ಮಂಡ್ಯದಲ್ಲಿ ವೆಬ್‌ಸೈಟ್ ಕೆಲಸ ಮಾಡುವ ಗೆಳೆಯರು ಮತ್ತು ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಬಹಳ ಜನ ಆಲೆಮನೆ ನೋಡಿಕೊಂಡೇ ಬೆಳೆದವರು. ಗದ್ದೆಯಿಂದ ಬಂದ ಕಬ್ಬನ್ನು ಗಾಣಕ್ಕೆ ಕೊಡುತ್ತಾರೆ. ಹಾಲು ತೆಗೆದು ಕೊಪ್ಪರಿಗೆಯಲ್ಲಿ ಕಾಯಿಸುತ್ತಾರೆ. ಪಾಕ ಬಂತು ಅಂದ ಮೇಲೆ ಅಚ್ಚಿಗೆ ಹುಯ್ಯುತ್ತಾರೆ. ಅಚ್ಚು ಬೆಲ್ಲ ಬೇಕಾದವರಿಗೆ ಅಚ್ಚು, ಬಕೆಟ್ ಬೆಲ್ಲ ಬೇಕಾದವರಿಗೆ ಬಕೆಟ್. ಬೆಲ್ಲ ಕೇಳಿಕೊಂಡು ಬಂದವರ ಕೈಗೆ ಒಂದು ಹೊರೆ ಕಬ್ಬು ಕೊಟ್ಟು, 'ಮನೇಲಿ ಅರೆದು ಕಾಯಿಸ್ಕೊಳಿ' ಅಂತ ಯಾರಾದರೂ ಕಳಿಸುತ್ತಾರಾ? ನಾನು ಎಷ್ಟೋ ವರ್ಷ ಮಾಡಿದ ವೆಬ್‌ಸೈಟುಗಳು ಅದನ್ನೇ ಮಾಡುತ್ತಿದ್ದವು. ಫೋನಿನಿಂದ ಬಂದ ಫೋಟೊವನ್ನು ಹಾಗೇ ಕಳಿಸಿ, ಚಿಕ್ಕದು ಮಾಡುವ ಕೆಲಸವನ್ನು ನೋಡುವವರ ಫೋನಿಗೆ ಬಿಟ್ಟಿದ್ದೆ.

ಎರಡು ವರ್ಷದ ಹಿಂದೆ ಮೈಸೂರಿನ ಒಂದು ಸಣ್ಣ ರೇಷ್ಮೆ ಸೀರೆ ಅಂಗಡಿಗೆ ಸೈಟ್ ಮಾಡಿಕೊಟ್ಟೆ. ಗಂಡ ಹೆಂಡತಿ ಇಬ್ಬರೇ ನಡೆಸುವ ಅಂಗಡಿ. ಫೋಟೊ ತೆಗೆಯುವುದು ಹೆಂಡತಿಯ ಕೆಲಸ, ಅವರನ್ನು ನಾನು ಅಕ್ಕ ಅಂತಲೇ ಕರೆಯುವುದು. ಬಾಗಿಲ ಹತ್ತಿರ ಬೆಳಕು ಚೆನ್ನಾಗಿ ಬೀಳುವ ಜಾಗದಲ್ಲಿ ಸೀರೆ ಹರಡಿ, ಸೆರಗು ಒಂದು ಕಡೆ, ಅಂಚು ಒಂದು ಕಡೆ ಕಾಣುವ ಹಾಗೆ ಫೋನಿನಲ್ಲಿ ತೆಗೆದು, ಒಂದು ಫೋಲ್ಡರಿಗೆ ಹಾಕುತ್ತಿದ್ದರು. ನಾನು ಆ ಫೋಲ್ಡರನ್ನು ಎತ್ತಿ ಸೈಟಿಗೆ ಸೇರಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲಿ, ಮನೆಯ ಫೈಬರ್ ಕನೆಕ್ಷನ್ನಿನಲ್ಲಿ, ಪುಟ ಚಕ್ಕನೆ ಬಂತು. ಕೆಲಸ ಮುಗಿಯಿತು ಅಂದುಕೊಂಡೆ.

ಒಂದು ವಾರಕ್ಕೆ ಅಕ್ಕನ ಫೋನ್ ಬಂತು. ಮಳವಳ್ಳಿ ಕಡೆಯ ಗಿರಾಕಿಯೊಬ್ಬರು ಮಗಳ ಮದುವೆಗೆ ಸೀರೆ ನೋಡೋಣ ಅಂತ ಬಸ್ಸಿನಲ್ಲಿ ಕೂತು ಸೈಟ್ ತೆಗೆದಿದ್ದಾರೆ. 'ಸೀರೇನೇ ಕಾಣ್ತಿಲ್ಲ ಕಣಮ್ಮ, ಬರೀ ಬಿಳೀ ಚೌಕ' ಅಂದರಂತೆ. ಕಾದು ಕಾದು ಅರ್ಧ ಪುಟ ಬರುವಷ್ಟರಲ್ಲಿ ಅವರ ಆ ದಿನದ ಡೇಟಾದಲ್ಲಿ ಉಳಿದಿದ್ದದ್ದೂ ಮುಗಿದಿತ್ತು. ಒಂದು ಪುಟದಲ್ಲಿ 40 ಫೋಟೊ, ಒಂದೊಂದೂ ಸುಮಾರು 4 ಎಂಬಿ. ಒಟ್ಟು 160 ಎಂಬಿ. ತಪ್ಪು ನೆಟ್‌ವರ್ಕಿನದಲ್ಲ, ಅವರ ಫೋನಿನದೂ ಅಲ್ಲ. ನನ್ನದು.

ಇದರ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಎಷ್ಟು ದಂಡ ಮಾಡುತ್ತಿದ್ದೇವೆ ಅನ್ನುವುದು ಲೆಕ್ಕ ಹಾಕಿದಾಗಲೇ ಗೊತ್ತಾಗುವುದು. 12 ಮೆಗಾಪಿಕ್ಸೆಲ್ ಫೋಟೊ ಅಂದರೆ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ. ಒಟ್ಟು 1 ಕೋಟಿ 20 ಲಕ್ಷ ಪಿಕ್ಸೆಲ್. ಅದನ್ನು ನೋಡುವ ಫೋನಿನ ಪರದೆ ಸಿಎಸ್‌ಎಸ್ (ಪುಟದ ವಿನ್ಯಾಸ ಬರೆಯುವ ಭಾಷೆ) ಲೆಕ್ಕದಲ್ಲಿ 360 ಅಗಲ ಅಂದುಕೊಳ್ಳಿ. ಒಳ್ಳೆಯ ದಟ್ಟ ಪರದೆಯಾದರೆ ಅದರ ಮೂರು ಪಟ್ಟು, ಅಂದರೆ 1080 ನಿಜವಾದ ಪಿಕ್ಸೆಲ್. ನಮ್ಮ ಪುಟದಲ್ಲಿ ಸಾಲಿಗೆ ಎರಡು ಸೀರೆ. ನಡುವಿನ ಜಾಗ ಕಳೆದರೆ ಒಂದೊಂದಕ್ಕೆ ಸಿಗುವುದು 170, ನಿಜ ಪಿಕ್ಸೆಲ್ಲಿನಲ್ಲಿ 510. ಅಗಲ 510 ಆದರೆ ಎತ್ತರ 383ರ ಆಸುಪಾಸು. ಗುಣಿಸಿದರೆ ಸುಮಾರು 2 ಲಕ್ಷ. ಬೇಕಾಗಿದ್ದು 2 ಲಕ್ಷ, ಕಳಿಸಿದ್ದು 1 ಕೋಟಿ 20 ಲಕ್ಷ. ಅರವತ್ತು ಪಟ್ಟು. ಅಷ್ಟನ್ನೂ ಆ ಫೋನು ದುಡ್ಡು ಕೊಟ್ಟು ಇಳಿಸಿಕೊಂಡು, ಬಿಚ್ಚಿ, ಕೊನೆಗೆ ಬಿಸಾಕುತ್ತದೆ. ಬಿಚ್ಚುವಾಗ ಇನ್ನೊಂದು ಹೊರೆ ಇದೆ. ಫೈಲು 4 ಎಂಬಿ ಇದ್ದರೂ ತೆರೆದಾಗ ಒಂದು ಪಿಕ್ಸೆಲ್ಲಿಗೆ 4 ಬೈಟಿನ ಹಾಗೆ 48 ಎಂಬಿ ಮೆಮೊರಿ ಹಿಡಿಯುತ್ತದೆ. ಕಡಿಮೆ ಬೆಲೆಯ ಫೋನು ತಡವರಿಸುವುದು ಇಲ್ಲೇ.

ನಾನು ಮೊದಲು ಹುಡುಕಿದ ಪರಿಹಾರವೂ ತಪ್ಪೇ. 'ಅಕ್ಕ, ಹಾಕೋಕೆ ಮುಂಚೆ ಪ್ರತಿ ಫೋಟೊನೂ 1200ಕ್ಕೆ ಇಳಿಸಿ' ಅಂದೆ. ಅವರು ಒಂದೆರಡು ದಿನ ಮಾಡಿದರು. ಆಮೇಲೆ ಹೇಳಿದರು: 'ಫೋಟೊ ತೆಗಿ ಅಂದ್ರೆ ತೆಗೀತೀನಪ್ಪ. ಈ ಸೈಜು ಗೀಜು ನನಗೆ ಹೇಳ್ಬೇಡ. ಅಂಗಡೀಲಿ ಜನ ಕಾಯ್ತಿರ್ತಾರೆ.' ಅವರ ಮಾತು ನೂರಕ್ಕೆ ನೂರು ಸರಿ. ನಡುವೆ ಅವರಿಗೆ ಯಾರೋ ಸುಲಭದ ದಾರಿ ಹೇಳಿಕೊಟ್ಟಿದ್ದರು. ಮೆಸೇಜ್ ಆ್ಯಪಿನಲ್ಲಿ ತಮಗೆ ತಾವೇ ಫೋಟೊ ಕಳಿಸಿಕೊಂಡರೆ ಅದು ಚಿಕ್ಕದಾಗಿ ಬರುತ್ತದೆ. ಹಾಗೆ ಚಿಕ್ಕದಾದದ್ದನ್ನು ಇಟ್ಟುಕೊಂಡು, ಜಾಗ ಉಳಿಯಲಿ ಅಂತ ಮೂಲ ಫೋಟೊ ಅಳಿಸಿಬಿಟ್ಟರು. ಆಮೇಲೆ ಸೀರೆಯ ಸೆರಗನ್ನು ದೊಡ್ಡದಾಗಿ ತೋರಿಸುವ ಪುಟ ಮಾಡಲು ಹೋದರೆ ನನ್ನ ಹತ್ತಿರ ಇದ್ದದ್ದು ಮಸುಕಾದ ಚಿತ್ರಗಳು ಮಾತ್ರ. ಸೀರೆಗಳು ಅಷ್ಟರಲ್ಲಿ ಮಾರಿ ಹೋಗಿದ್ದವು. ಬೆಲ್ಲದಿಂದ ಮತ್ತೆ ಕಬ್ಬು ಬರಲ್ಲ ಅಲ್ವಾ?

ಅವತ್ತಿನಿಂದ ನನ್ನ ಕೆಲಸದ ರೀತಿ ಬದಲಾಯಿತು. ಫೋಟೊ ತೆಗೆಯುವವರಿಗೆ ಯಾವ ಅಳತೆಯ ನಿಯಮವನ್ನೂ ಹೇಳುವುದಿಲ್ಲ. ಅವರು ಎಷ್ಟು ದೊಡ್ಡದು ಕೊಡುತ್ತಾರೋ ಅಷ್ಟು ಒಳ್ಳೆಯದು. ಮೂಲ ಫೋಟೊಗಳು ಒಂದು ಫೋಲ್ಡರಿನಲ್ಲಿ ಇರುತ್ತವೆ, ಅದನ್ನು ಯಾರೂ ಮುಟ್ಟುವುದಿಲ್ಲ. ಸೈಟ್ ಬಿಲ್ಡ್ ಆಗುವಾಗ, ಅಂದರೆ ನಾವು ಬರೆದಿಟ್ಟದ್ದರಿಂದ ಹೊರಗೆ ಹೋಗುವ ಫೈಲುಗಳು ತಯಾರಾಗುವಾಗ, ಒಂದು ಸ್ಕ್ರಿಪ್ಟ್ ಆ ಫೋಲ್ಡರನ್ನು ಓದಿ, ಬೇಕಾದ ಅಳತೆಗಳಲ್ಲಿ ಹೊಸ ಫೈಲುಗಳನ್ನು ಮಾಡಿ, ಬೇರೆ ಫೋಲ್ಡರಿನಲ್ಲಿಡುತ್ತದೆ. ಹೊರಗೆ ಹೋಗುವುದು ಆ ಎರಡನೆಯ ಫೋಲ್ಡರ್ ಮಾತ್ರ. ಅದನ್ನು ಗಿಟ್‌ಗೆ (ಕೋಡಿನ ಬದಲಾವಣೆಗಳನ್ನು ಉಳಿಸಿಡುವ ಟೂಲ್) ಸೇರಿಸುವುದೂ ಬೇಡ. ಯಾವಾಗ ಬೇಕಾದರೂ ಅಳಿಸಿ ಮತ್ತೆ ಮಾಡಿಕೊಳ್ಳಬಹುದು.

ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಟೂಲ್) ಬಳಸುವವರಿಗೆ ಈ ಕೆಲಸಕ್ಕೆ ಶಾರ್ಪ್ ಅನ್ನುವ ಲೈಬ್ರರಿ ಇದೆ. ಅದರ ಒಳಗೆ ಓಡುವುದು ಲಿಬ್‌ವಿಪ್ಸ್. ಅದು ಇಡೀ ಚಿತ್ರವನ್ನು ಮೆಮೊರಿಗೆ ತುಂಬಿಕೊಳ್ಳದೆ ತುಂಡು ತುಂಡಾಗಿ ಹರಿಸುತ್ತದೆ. ಹಾಗಾಗಿ ವೇಗವೂ ಜಾಸ್ತಿ, ಮೆಮೊರಿಯೂ ಕಡಿಮೆ ಸಾಕು. ಸೈಟ್ ಕಟ್ಟಿಕೊಡುವ ಟೂಲುಗಳಲ್ಲಿ ಇಲೆವೆಂಟಿಯ ಇಮೇಜ್ ಪ್ಲಗಿನ್, ಆಸ್ಟ್ರೋ ಇವೆಲ್ಲ ಒಳಗೆ ಶಾರ್ಪ್ ಅನ್ನೇ ಕರೆಯುತ್ತವೆ. ಹ್ಯೂಗೊದಲ್ಲಿ ಈ ಸೌಲಭ್ಯ ಅದರೊಳಗೇ ಇದೆ. ವೀಟ್ ಬಳಸುವವರಿಗೆ ಇಮೇಜ್‌ಟೂಲ್ಸ್ ಪ್ಲಗಿನ್ ಇದೆ. ನೀವು ಯಾವುದು ಬೇಕಾದರೂ ಬಳಸಿ. ಆದರೆ ವಿದ್ಯಾರ್ಥಿಗಳಿಗೆ ನನ್ನದೊಂದು ಮಾತು: ಒಂದು ಸಲ ನಿಮ್ಮ ಕೈಯಾರೆ ಮೂವತ್ತು ನಲವತ್ತು ಸಾಲಿನ ಸ್ಕ್ರಿಪ್ಟ್ ಬರೆಯಿರಿ. ಪ್ಲಗಿನ್ ಏನು ಮಾಡುತ್ತಿದೆ ಅಂತ ಆಮೇಲೆ ಕನ್ನಡಿಯ ಹಾಗೆ ಕಾಣುತ್ತದೆ.

ಯಾವ ಅಳತೆಗಳು? ಬೇರೆಯವರ ಪಟ್ಟಿ ನಕಲು ಮಾಡಬೇಡಿ, ನಿಮ್ಮ ಪುಟ ಏನು ಕೇಳುತ್ತದೋ ನೋಡಿ. ನಮ್ಮ ಪುಟದಲ್ಲಿ ಸಣ್ಣ ಚಿತ್ರ 170, ಎರಡು ಪಟ್ಟು ಪರದೆಗೆ 340, ಮೂರು ಪಟ್ಟಿಗೆ 510. ಒಂದೇ ಸೀರೆ ತೋರಿಸುವ ಪುಟದಲ್ಲಿ ಪೂರ್ತಿ ಅಗಲ 360, ಅದಕ್ಕೆ 720 ಮತ್ತು 1080. ಲ್ಯಾಪ್‌ಟಾಪಿಗೆ 1600. ಮಾಡುವುದು ಒಟ್ಟು ಐದು ಅಳತೆ: 340, 510, 720, 1080, 1600. ಒಂದೊಂದೂ ಎರಡು ಫಾರ್ಮ್ಯಾಟಿನಲ್ಲಿ, ಹೊಸದಾದ ಎವಿಫ್ ಮತ್ತು ಎಲ್ಲ ಕಡೆ ತೆರೆಯುವ ಹಳೆಯ ಜೆಪೆಗ್. 40 ಫೋಟೊಗೆ 400 ಫೈಲು. ಇದನ್ನು ಕೈಯಲ್ಲಿ ಮಾಡಿ ಅಂತ ಯಾರಿಗೂ ಹೇಳೋಕಾಗಲ್ಲ. ಒಂದು ಎಚ್ಚರ: ಶಾರ್ಪ್‌ಗೆ 900 ಅಗಲದ ಫೋಟೊ ಕೊಟ್ಟು 1600 ಕೇಳಿದರೆ ಅದು ಎಳೆದು ದೊಡ್ಡದು ಮಾಡಿ ಕೊಡುತ್ತದೆ. ಫೈಲು ದಪ್ಪ ಆಗುತ್ತದೆ, ಚಿತ್ರ ಮಾತ್ರ ಸುಧಾರಿಸಲ್ಲ. ದೊಡ್ಡದು ಮಾಡಬೇಡ ಅಂತ ಹೇಳುವ ಆಯ್ಕೆ ಇದೆ, ಅದನ್ನು ಮರೆಯದೆ ಹಾಕಿ.

ಫೈಲುಗಳು ತಯಾರಾದವು. ಈಗ ಯಾವುದನ್ನು ಇಳಿಸಿಕೊಳ್ಳಬೇಕು ಅಂತ ಬ್ರೌಸರಿಗೆ ಗೊತ್ತಾಗಬೇಕಲ್ಲ. ಇಮೇಜ್ ಟ್ಯಾಗಿನ ಸೋರ್ಸ್‌ಸೆಟ್‌ನಲ್ಲಿ ಐದೂ ಫೈಲಿನ ಹೆಸರು, ಪಕ್ಕದಲ್ಲಿ ಅದರ ಅಗಲ ಬರೆಯುತ್ತೇವೆ. ಇದನ್ನು ಎಲ್ಲರೂ ಮಾಡುತ್ತಾರೆ. ಮರೆಯುವುದು ಚಿತ್ರ ಪುಟದಲ್ಲಿ ಎಷ್ಟು ಅಗಲ ಕಾಣುತ್ತದೆ ಅಂತ ಹೇಳುವ ಸೈಜಸ್ ಅನ್ನು. ಬ್ರೌಸರು ಎಚ್‌ಟಿಎಂಎಲ್ (ಪುಟದ ಮೂಲ ಬರಹ) ಓದುತ್ತಾ ಓದುತ್ತಾ, ಸಿಎಸ್‌ಎಸ್ ಇನ್ನೂ ಬರುವುದಕ್ಕೆ ಮುಂಚೆಯೇ ಚಿತ್ರಗಳನ್ನು ತರಿಸಲು ಶುರು ಮಾಡುತ್ತದೆ. ಆ ಹೊತ್ತಿಗೆ ನಿಮ್ಮ ಪುಟದಲ್ಲಿ ಸಾಲಿಗೆ ಎರಡು ಸೀರೆ ಅಂತ ಅದಕ್ಕೆ ಗೊತ್ತಿಲ್ಲ. ಸೈಜಸ್ ಬರೆಯದಿದ್ದರೆ ಚಿತ್ರ ಪರದೆಯ ಪೂರ್ತಿ ಅಗಲಕ್ಕಿದೆ ಅಂತಲೇ ತಿಳಿದುಕೊಳ್ಳುತ್ತದೆ. 510 ಸಾಕಾಗುವ ಕಡೆ 1080 ಇಳಿಯುತ್ತದೆ. ಇಷ್ಟೆಲ್ಲ ಮಾಡಿಯೂ ಬೇಕಾದ್ದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಪಿಕ್ಸೆಲ್ ಇಳಿದ ಹಾಗಾಯಿತು. ಅದಕ್ಕೇ 'ಫೋನಿನಲ್ಲಿ ಪರದೆಯ ಅರ್ಧ, ಲ್ಯಾಪ್‌ಟಾಪಿನಲ್ಲಿ ಕಾಲು' ಅಂತ ಸೈಜಸ್‌ನಲ್ಲಿ ತಿಳಿಸಬೇಕು. ಆಮೇಲೆ ಬ್ರೌಸರಿನ ಡೆವಲಪರ್ ಟೂಲ್ಸ್ ತೆಗೆದು, ನೆಟ್‌ವರ್ಕ್ ಟ್ಯಾಬಿನಲ್ಲಿ ನಿಜವಾಗಿ ಯಾವ ಫೈಲು ಬಂತು ಅಂತ ಕಣ್ಣಾರೆ ನೋಡಿ.

ಬಿಲ್ಡ್ ಹೇಗೂ ಫೋಟೊ ತೆರೆದು ಓದುತ್ತದೆ. ಅದರ ಅಗಲ ಎತ್ತರವನ್ನೂ ಟ್ಯಾಗಿನಲ್ಲಿ ಅದೇ ಬರೆಯಲಿ. ಆಗ ಚಿತ್ರ ಬರುವ ಮೊದಲೇ ಬ್ರೌಸರು ಜಾಗ ಬಿಟ್ಟಿರುತ್ತದೆ, ಓದುತ್ತಿರುವಾಗ ಪುಟ ಕೆಳಕ್ಕೆ ಜಿಗಿಯುವುದಿಲ್ಲ. ಕೆಳಗಿನ ಚಿತ್ರಗಳಿಗೆ ಲೇಜಿ ಲೋಡಿಂಗ್ (ನೋಡುವವರು ಹತ್ತಿರ ಬಂದಾಗ ಮಾತ್ರ ಇಳಿಸು ಅನ್ನುವ ಸೂಚನೆ) ಹಾಕಿ. ಪುಟ ತೆರೆದ ಕೂಡಲೇ ಕಾಣುವ ಮೊದಲ ಚಿತ್ರಕ್ಕೆ ಮಾತ್ರ ಹಾಕಬೇಡಿ.

ಈಗ ನನಗೆ ಬಹಳ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಎಲ್ಲ ತಯಾರಾಯಿತು, ಪುಟ ಹಗುರವಾಯಿತು. 40 ಸಣ್ಣ ಚಿತ್ರ ಸೇರಿ 2 ಎಂಬಿ ಆಸುಪಾಸಿಗೆ ಬಂತು. ಖುಷಿಯಿಂದ ಅಕ್ಕನಿಗೆ ತೋರಿಸಿದೆ. ಅವರು ಫೋನನ್ನು ಹತ್ತಿರ ಹಿಡಿದು ಒಂದು ಸೀರೆ ನೋಡಿದರು. ಕೆಂಪು ಒಡಲು, ಹಸಿರು ಅಂಚು, ಎರಡರ ನಡುವೆ ತೆಳ್ಳನೆಯ ಜರಿ ಗೆರೆ. 'ಜರಿ ಕಪ್ಪಾಗಿ ಕಾಣ್ತಿದ್ಯಲ್ಲ. ಹಳೇ ಸೀರೆ ಅಂದ್ಕೋತಾರೆ' ಅಂದರು.

ನಾನು ಮೂಲ ಫೋಟೊ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಮೂಲದಲ್ಲಿ ಜರಿ ಹೊಳೆಯುತ್ತಿತ್ತು. ನಮ್ಮ 510ರ ಜೆಪೆಗ್‌ನಲ್ಲಿ ಅದೇ ಗೆರೆ ಮಣ್ಣು ಬಣ್ಣ. ಕಾರಣ ಜೆಪೆಗ್ ಬಣ್ಣ ಉಳಿಸುವ ರೀತಿಯಲ್ಲಿದೆ. ನಮ್ಮ ಕಣ್ಣು ಬೆಳಕು ನೆರಳಿನ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸುತ್ತದೆ, ಬಣ್ಣದ ಸಣ್ಣ ವ್ಯತ್ಯಾಸವನ್ನು ಅಷ್ಟಾಗಿ ಅಲ್ಲ. ಇದನ್ನು ನಂಬಿ ಜೆಪೆಗ್ ಸಾಮಾನ್ಯವಾಗಿ ಪ್ರತಿ ಪಿಕ್ಸೆಲ್ಲಿನ ಬೆಳಕನ್ನು ಉಳಿಸಿ, ಬಣ್ಣವನ್ನು ಮಾತ್ರ ನಾಲ್ಕು ಪಿಕ್ಸೆಲ್ಲಿಗೆ ಒಂದರ ಹಾಗೆ ಉಳಿಸುತ್ತದೆ. ಇದಕ್ಕೆ 4:2:0 ಅನ್ನುತ್ತಾರೆ. ಚಾಮುಂಡಿ ಬೆಟ್ಟದ ಫೋಟೊಗೆ, ಕಾವೇರಿ ನದಿಯ ಫೋಟೊಗೆ ಇದರಿಂದ ಏನೂ ತೊಂದರೆ ಇಲ್ಲ. ಆದರೆ ಇಲ್ಲಿ ಜರಿ ಗೆರೆಯ ಅಗಲವೇ ಒಂದೆರಡು ಪಿಕ್ಸೆಲ್. ಒಂದು ಪಕ್ಕ ಕಡುಗೆಂಪು, ಇನ್ನೊಂದು ಪಕ್ಕ ಹಸಿರು. ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಬಣ್ಣ ಮಾಡಿದಾಗ ಚಿನ್ನ ಎಲ್ಲಿ ಉಳಿಯುತ್ತದೆ?

ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಶುರುವಾಗಿದ್ದು 1912ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ನೂರು ವರ್ಷಕ್ಕೂ ಮೇಲೆ ಈ ಸೀರೆ ಉಟ್ಟ ಊರು ಇದು. ಇಲ್ಲಿಯ ಗಿರಾಕಿ ಜರಿ ನೋಡಿ ಸೀರೆಯ ಬೆಲೆ ಅಂದಾಜು ಮಾಡುತ್ತಾರೆ. ಫೈಲು ಹತ್ತು ಕೆಬಿ ಉಳಿಯಿತು ಅಂತ ಜರಿಯನ್ನೇ ಕಳೆದರೆ ಅದು ಉಳಿತಾಯವಲ್ಲ.

ಪರಿಹಾರ ಒಂದು ಸಾಲಿನದು. ಶಾರ್ಪ್‌ನಲ್ಲಿ ಜೆಪೆಗ್‌ಗೆ 4:4:4 ಕೇಳಿದರೆ ಪ್ರತಿ ಪಿಕ್ಸೆಲ್ಲಿನ ಬಣ್ಣವೂ ಉಳಿಯುತ್ತದೆ. ಫೈಲು ಸ್ವಲ್ಪ ದಪ್ಪ ಆಗುತ್ತದೆ, ಆಗಲಿ. ಎವಿಫ್‌ಗೆ ಶಾರ್ಪ್ ತಾನಾಗಿಯೇ 4:4:4 ಬಳಸುತ್ತದೆ. ವೆಬ್‌ಪಿ ಅನ್ನುವ ಇನ್ನೊಂದು ಫಾರ್ಮ್ಯಾಟನ್ನು ನಾನು ಬಿಟ್ಟಿದ್ದು ಇದೇ ಕಾರಣಕ್ಕೆ. ಗುಣಮಟ್ಟ ಇಳಿಸುವ ಬಗೆಯ ವೆಬ್‌ಪಿಯಲ್ಲಿ ಯಾವಾಗಲೂ 4:2:0ಯೇ ಇರುವುದು. ಬೇರೆ ಸೈಟುಗಳಿಗೆ ವೆಬ್‌ಪಿ ತುಂಬ ಒಳ್ಳೆಯದು, ಸೀರೆಗೆ ಮಾತ್ರ ಬೇಡ ಅನ್ನಿಸಿತು. ಬಿಲ್ಡ್ ನಾನೂರು ಫೈಲು ಮಾಡುತ್ತದೆ ನಿಜ. ಆದರೆ ಅದರಲ್ಲಿ ನಾಲ್ಕನ್ನಾದರೂ ಆ ವಸ್ತು ಗೊತ್ತಿರುವವರಿಗೆ ತೋರಿಸಿ. ಅಕ್ಕ ಹೇಳದಿದ್ದರೆ ನನ್ನ ಕಣ್ಣಿಗೆ ಅದು ಬೀಳುತ್ತಲೇ ಇರಲಿಲ್ಲ.

ಬಣ್ಣದಲ್ಲಿ ಇನ್ನೊಂದು ವಿಷಯ. ಈಗಿನ ಎಷ್ಟೋ ಫೋನುಗಳು ಡಿಸ್‌ಪ್ಲೇ ಪಿ3 ಅನ್ನುವ ಹೆಚ್ಚು ಬಣ್ಣಗಳ ಹರವಿನಲ್ಲಿ ಫೋಟೊ ತೆಗೆಯುತ್ತವೆ. ಬಣ್ಣದ ಲೆಕ್ಕವನ್ನು ಪರಿವರ್ತಿಸದೆ ಸುಮ್ನೆ ಫೈಲಿನೊಳಗಿನ ಪಿ3 ಗುರುತು ಕಿತ್ತು ಹಾಕಿದರೆ ಕೆಂಪು ಸೀರೆ ಬಾಡಿದ ಹಾಗೆ ಕಾಣುತ್ತದೆ. ಶಾರ್ಪ್ ತಾನಾಗಿಯೇ ವೆಬ್‌ನ ಸಾಮಾನ್ಯ ಹರವಾದ ಎಸ್‌ಆರ್‌ಜಿಬಿಗೆ ಬದಲಾಯಿಸುತ್ತದೆ. ಬೇರೆ ಟೂಲ್ ಬಳಸುವವರು ಒಂದು ಸಲ ಪರೀಕ್ಷೆ ಮಾಡಿ ನೋಡಿ.

ಫೋಟೊ ಅಡ್ಡ ಮಲಗುವ ತೊಂದರೆ ಇಲ್ಲಿ ಎಷ್ಟು ಜನ ನೋಡಿದ್ದೀರಿ? ಕೈ ನೋಡಿದರೆ ಬಹಳ ಜನ ಇದ್ದೀರಿ. ಫೋನನ್ನು ನೇರ ಹಿಡಿದು ತೆಗೆದರೂ ಸೆನ್ಸರ್ ಅಡ್ಡಲಾಗಿಯೇ ಬರೆದಿಟ್ಟಿರಬಹುದು. ಜೊತೆಗೆ ಫೈಲಿನೊಳಗೆ ಕೂತಿರುವ ಎಕ್ಸಿಫ್ ಅನ್ನುವ ಮಾಹಿತಿಯಲ್ಲಿ 'ಇದನ್ನು ತಿರುಗಿಸಿ ತೋರಿಸಿ' ಅಂತ ಒಂದು ಗುರುತು ಇರುತ್ತದೆ. ಶಾರ್ಪ್ ಹೊಸ ಫೈಲು ಬರೆಯುವಾಗ ಎಕ್ಸಿಫ್ ಎಲ್ಲ ಬಿಟ್ಟುಬಿಡುತ್ತದೆ. ಗುರುತು ಹೋಯಿತು, ಚಿತ್ರ ಮಲಗಿತು. ಅದಕ್ಕೇ ಅಳತೆ ಇಳಿಸುವ ಮೊದಲು ರೊಟೇಟ್ ಅನ್ನು ಬರಿಗೈಯಲ್ಲಿ ಕರೆಯಬೇಕು, ಕೋನ ಏನೂ ಕೊಡದೆ. ಆಗ ಅದು ಗುರುತು ಓದಿ ಚಿತ್ರವನ್ನು ಮೊದಲೇ ನೇರ ನಿಲ್ಲಿಸುತ್ತದೆ.

ಎಕ್ಸಿಫ್ ಹೋಗುವುದರಲ್ಲಿ ಒಂದು ದೊಡ್ಡ ಒಳ್ಳೆಯದೂ ಇದೆ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ಫೋಟೊ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಅದರೊಳಗೇ ಕೂತಿರುತ್ತದೆ. ಮನೆಯಿಂದಲೇ ಉಪ್ಪಿನಕಾಯಿ, ಸೀರೆ, ಕುಚ್ಚು ಕಟ್ಟುವ ಕೆಲಸ ಮಾಡುವ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟು ಜನ ಇದ್ದಾರೆ! ಅವರ ಮನೆ ಎಲ್ಲಿದೆ ಅಂತ ಫೋಟೊ ಇಳಿಸಿಕೊಂಡವರಿಗೆಲ್ಲ ತಿಳಿಯಬೇಕಾ? ದಯವಿಟ್ಟು ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಮೂಲ ಫೋಟೊಗಳನ್ನು ಪಬ್ಲಿಕ್ ಫೋಲ್ಡರಿನಲ್ಲಿ ಇಡಬೇಡಿ. ಬಿಲ್ಡ್ ಆ ಫೋಲ್ಡರನ್ನು ಹಾಗೇ ಹೊರಗೆ ಸಾಗಿಸುತ್ತದೆ. ಪುಟದಲ್ಲಿ ಲಿಂಕ್ ಇಲ್ಲದಿದ್ದರೂ ಹೆಸರು ಊಹಿಸಿದವರಿಗೆ ಅದು ಸಿಗುತ್ತದೆ.

ಬಿಲ್ಡ್ ನಿಧಾನ ಆಗುತ್ತದೆ ಅನ್ನುವ ದೂರು ಬಂದೇ ಬರುತ್ತದೆ. ಎವಿಫ್ ಮಾಡುವುದಕ್ಕೆ ಜೆಪೆಗ್‌ಗಿಂತ ಬಹಳ ಹೊತ್ತು ಬೇಕು. ಒಂದು ಅಕ್ಷರ ತಿದ್ದಿದ್ದಕ್ಕೆ ನಾನೂರು ಚಿತ್ರ ಮತ್ತೆ ಮಾಡುತ್ತಾ ಕೂತರೆ ಯಾರಿಗಾದರೂ ಬೇಜಾರೇ. ಹಾಗಾಗಿ ಕ್ಯಾಷ್, ಅಂದರೆ ಒಮ್ಮೆ ಮಾಡಿದ ಫೈಲನ್ನು ಎತ್ತಿಟ್ಟು ಮತ್ತೆ ಬಳಸುವ ವ್ಯವಸ್ಥೆ, ಇರಲೇಬೇಕು. ಫೋಟೊದ ಒಳಗಿನ ಬೈಟುಗಳಿಂದ ಒಂದು ಹ್ಯಾಷ್ (ಬೈಟು ಬದಲಾದರೆ ತಾನೂ ಬದಲಾಗುವ ಅಕ್ಷರಗಳ ಸಾಲು) ಲೆಕ್ಕ ಹಾಕಿ, ಅದನ್ನೇ ಗುರುತಾಗಿ ಇಟ್ಟುಕೊಳ್ಳಿ. ಅದೇ ಗುರುತಿನ ಫೈಲು ಆಗಲೇ ಇದ್ದರೆ ಮುಂದಕ್ಕೆ ಹೋಗು, ಇಲ್ಲದಿದ್ದರೆ ಮಾಡು. ನಾನು ಇಲ್ಲಿ ಒಂದು ಸಲ ಎಡವಿದೆ. ಜರಿಗೋಸ್ಕರ 4:4:4 ಮಾಡಿದ ದಿನ ಬಿಲ್ಡ್ ಓಡಿಸಿದರೆ ಏನೂ ಬದಲಾಗಲಿಲ್ಲ. ಫೋಟೊ ಅದೇ, ಹ್ಯಾಷ್ ಅದೇ, ಹಳೇ ಫೈಲನ್ನೇ ಎತ್ತಿಕೊಟ್ಟಿತ್ತು. ಗುರುತಿನಲ್ಲಿ ಫೋಟೊದ ಜೊತೆಗೆ ಅಗಲ, ಫಾರ್ಮ್ಯಾಟ್, ಗುಣಮಟ್ಟ, 4:4:4ರಂಥ ಬಣ್ಣದ ಆಯ್ಕೆ, ಶಾರ್ಪ್‌ನ ಆವೃತ್ತಿ ಎಲ್ಲ ಸೇರಬೇಕು. ಇನ್ನೊಂದು: ನಿಮ್ಮ ಬಿಲ್ಡ್ ಮೋಡದಲ್ಲಿರುವ ಸಿಐ ಯಂತ್ರದಲ್ಲಿ (ಕೋಡು ಬದಲಾದಾಗ ತಾನೇ ಬಿಲ್ಡ್ ಮಾಡುವ ದೂರದ ಕಂಪ್ಯೂಟರ್) ಓಡುತ್ತಿದ್ದರೆ ಅದು ಸಾಮಾನ್ಯವಾಗಿ ಪ್ರತಿ ಸಲ ಖಾಲಿ ಯಂತ್ರ. ಕ್ಯಾಷ್ ಫೋಲ್ಡರನ್ನು ಉಳಿಸಿಕೊಳ್ಳಲು ಅಲ್ಲಿ ಬೇರೆಯಾಗಿ ಹೇಳಬೇಕು.

ಇದೆಲ್ಲ ಸೇರಿದ ಗುರುತಿನ ಹ್ಯಾಷ್‌ನ ಎಂಟು ಅಕ್ಷರವನ್ನು ಫೈಲಿನ ಹೆಸರಿಗೂ ಅಂಟಿಸಿ. ಚಿತ್ರ ಬದಲಾದರೆ ಹೆಸರೂ ಬದಲಾಗುತ್ತದೆ. ಹಾಗಾಗಿ ಬ್ರೌಸರು ಫೈಲನ್ನು ಎಷ್ಟು ಕಾಲ ಇಟ್ಟುಕೊಳ್ಳಬಹುದು ಅಂತ ಹೇಳುವ ಕ್ಯಾಷ್ ಕಂಟ್ರೋಲ್‌ನಲ್ಲಿ 31536000 ಸೆಕೆಂಡು, ಅಂದರೆ 365 ದಿನ, ಧೈರ್ಯವಾಗಿ ಹಾಕಬಹುದು. ಮಳವಳ್ಳಿಯ ಆ ತಾಯಿ ಮಾರನೇ ದಿನ ಮಗಳಿಗೆ ತೋರಿಸಲು ಅದೇ ಪುಟ ತೆಗೆದರೆ ಚಿತ್ರಗಳಿಗೆ ಮತ್ತೆ ಡೇಟಾ ಖರ್ಚಾಗುವುದಿಲ್ಲ.

ಕನ್ನಡದವರಿಗೇ ಸೇರಿದ ಒಂದು ಮಾತು ಹೇಳಿ ಪ್ರಶ್ನೆಗಳಿಗೆ ಬರುತ್ತೇನೆ. ಹಬ್ಬದ ರಿಯಾಯಿತಿ, ಬೆಲೆ ಪಟ್ಟಿ ಇವನ್ನೆಲ್ಲ ನಾವು ಪೋಸ್ಟರ್ ಮಾಡಿ ಚಿತ್ರವಾಗಿ ಹಾಕುತ್ತೇವೆ. ಅದನ್ನು 340ಕ್ಕೆ ಇಳಿಸಿದಾಗ ಮೊದಲು ಹಾಳಾಗುವುದು ಒತ್ತಕ್ಷರ. 'ಮೈಸೂರು' ಹೇಗೋ ಓದಬಹುದು, 'ಇಪ್ಪತ್ತು' ಅನ್ನುವಲ್ಲಿ ಕೆಳಗಿನ ಒತ್ತುಗಳು ಒಂದು ಮುದ್ದೆ ಆಗುತ್ತವೆ. ಅಕ್ಷರದ ಅಂಚಿನಲ್ಲಿ ಜೆಪೆಗ್‌ನ ಕೊಳೆ ಬೇರೆ. ಅಕ್ಷರವನ್ನು ಅಕ್ಷರವಾಗಿಯೇ ಎಚ್‌ಟಿಎಂಎಲ್‌ನಲ್ಲಿ ಬರೆಯಿರಿ. ಹುಡುಕಿದಾಗಲೂ ಸಿಗುತ್ತದೆ, ಕಣ್ಣು ಕಾಣದವರಿಗೆ ಫೋನು ಓದಿಯೂ ಹೇಳುತ್ತದೆ. ಚಿತ್ರವೇ ಆಗಬೇಕು ಅಂದರೆ ಅಂಚು ಕೆಡಿಸದ ಪಿಎನ್‌ಜಿ ಫಾರ್ಮ್ಯಾಟು ಬಳಸಿ, ಮತ್ತು ಬಿಲ್ಡ್‌ಗೆ ಇಂಥ ಫೋಲ್ಡರಿನ ಚಿತ್ರವನ್ನು 720ಕ್ಕಿಂತ ಕೆಳಗೆ ಇಳಿಸಬೇಡ ಅಂತ ಹೇಳಿ.

ಆಮೇಲೆ ಬಂದ ಪ್ರಶ್ನೆಗಳಲ್ಲಿ ಕೆಲವು:

'ಸರ್, ಎವಿಫ್ ಒಂದೇ ಸಾಕಲ್ವಾ? ಜೆಪೆಗ್ ಯಾಕೆ?'

ಕ್ರೋಮ್‌ಗೆ ಎವಿಫ್ ಬಂದಿದ್ದು 2020ರಲ್ಲಿ, ಫೈರ್‌ಫಾಕ್ಸ್‌ಗೆ 2021ರಲ್ಲಿ, ಸಫಾರಿಗೆ 2022ರಲ್ಲಿ. ಹೊಸ ಫೋನುಗಳಿಗೆ ಸಾಕು. ಆದರೆ ಅಪ್ಪನಿಂದ ಮಗನಿಗೆ, ಮಗನಿಂದ ಅಜ್ಜಿಗೆ ದಾಟಿದ ಫೋನುಗಳು ನಮ್ಮ ಮನೆಗಳಲ್ಲಿ ಇನ್ನೂ ಓಡುತ್ತಿವೆ. ಪಿಕ್ಚರ್ ಟ್ಯಾಗಿನಲ್ಲಿ ಎರಡನ್ನೂ ಕೊಟ್ಟರೆ ಬ್ರೌಸರು ತನಗೆ ಗೊತ್ತಿರುವುದನ್ನು ಆರಿಸಿಕೊಳ್ಳುತ್ತದೆ. ನಮಗೆ ಖರ್ಚು ಸ್ವಲ್ಪ ಡಿಸ್ಕ್ ಜಾಗ ಅಷ್ಟೇ.

'ನಾವು ವರ್ಡ್‌ಪ್ರೆಸ್ ಬಳಸ್ತೀವಿ. ಅಲ್ಲಿ ಬಿಲ್ಡ್ ಅಂತ ಇಲ್ವಲ್ಲ?'

ಅಲ್ಲಿ ಅಪ್‌ಲೋಡ್ ಮಾಡುವಾಗಲೇ ಈ ಕೆಲಸ ಆಗುತ್ತದೆ. 2015ರ ಡಿಸೆಂಬರಿನಲ್ಲಿ ಬಂದ 4.4ರಿಂದ ವರ್ಡ್‌ಪ್ರೆಸ್ ತಾನೇ ಸೋರ್ಸ್‌ಸೆಟ್ ಬರೆಯುತ್ತದೆ. ನೀವು ನೋಡಬೇಕಾದ್ದು ಥೀಮ್ ಬರೆಯುವ ಸೈಜಸ್ ನಿಮ್ಮ ಪುಟಕ್ಕೆ ಹೊಂದುತ್ತದಾ ಅನ್ನುವುದನ್ನು. ದಿನಕ್ಕೆ ಸಾವಿರಾರು ಜನ ತಾವೇ ಫೋಟೊ ಹಾಕುವ ಸೈಟಾದರೆ ಬಿಲ್ಡ್ ಸರಿಯಾದ ಜಾಗ ಅಲ್ಲ. ಅಲ್ಲಿ ಕೇಳಿದಾಗ ಮಾಡಿಕೊಡುವ ಸರ್ವರ್ ಬೇಕು.

'ಐಫೋನ್ ಫೋಟೊ ಹಾಕಿದ್ರೆ ಬಿಲ್ಡೇ ನಿಂತು ಹೋಗುತ್ತೆ ಸರ್.'

ಅದು ಹೈಕ್ ಫಾರ್ಮ್ಯಾಟು. ಪೇಟೆಂಟ್ ಕಾರಣಕ್ಕೆ ಶಾರ್ಪ್‌ನ ಸಿದ್ಧ ಪ್ಯಾಕೇಜಿನಲ್ಲಿ ಅದನ್ನು ಓದುವ ಭಾಗ ಇಲ್ಲ. ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿದರೆ ಜೆಪೆಗ್ ಬರುತ್ತದೆ. ಬಿಲ್ಡ್ ನಿಲ್ಲುವುದೇ ಒಳ್ಳೆಯದು. ಯಾವ ಫೈಲಿನಿಂದ ನಿಂತಿತು ಅಂತ ಹೆಸರು ಹೇಳಿ ನಿಲ್ಲುವ ಹಾಗೆ ಬರೆಯಿರಿ.

'ಹಳೇ ಸೈಟ್ ಒಂದಿದೆ, ಎಲ್ಲಿಂದ ಶುರು ಮಾಡ್ಲಿ?'

ಚಿತ್ರಗಳ ಫೋಲ್ಡರನ್ನು ಫೈಲಿನ ಗಾತ್ರದ ಪ್ರಕಾರ ಜೋಡಿಸಿ, ಮೇಲಿನ ಹತ್ತನ್ನು ನೋಡಿ. ಒಂದೊಂದೂ ಪುಟದಲ್ಲಿ ಎಷ್ಟು ಅಗಲಕ್ಕೆ ಕಾಣುತ್ತಿದೆ ಅಂತ ಪಕ್ಕದಲ್ಲಿ ಬರೆದುಕೊಳ್ಳಿ. ನಮ್ಮ ಸೀರೆ ಸೈಟಿನಲ್ಲಿ ಹಾಗೆ ಜೋಡಿಸಿದಾಗ ಎಲ್ಲಕ್ಕಿಂತ ಮೇಲೆ ಬಂದದ್ದು ಯಾವ ಸೀರೆಯೂ ಅಲ್ಲ, ಅಂಗಡಿಯ ಲೋಗೊ. 5000 ಪಿಕ್ಸೆಲ್ ಅಗಲದ ಪಿಎನ್‌ಜಿ, ಬೋರ್ಡ್ ಪ್ರಿಂಟ್ ಮಾಡಿಸಲು ತಯಾರಿಸಿದ್ದು. ಪುಟದ ಮೂಲೆಯಲ್ಲಿ ಅದು ಕಾಣುತ್ತಿದ್ದದ್ದು 120 ಅಗಲಕ್ಕೆ, ಪ್ರತಿಯೊಂದು ಪುಟದಲ್ಲೂ.